ಬಾಗಿಲಾಚೆ ಉಳಿದ ಟೋಪಿ

ನಾನೊಂದು ಹಸಿರು ಉಣ್ಣೆಯ ಸಿಪಾಯಿ ಟೋಪಿ. ಹುಟ್ಟಿದ್ದು ಯಾವ ಕಾರ್ಖಾನೆಯಲ್ಲೋ, ನೆನಪಿಲ್ಲ. ಪಲ್ಟನ್ನಿನ ಸ್ಟೋರಿನಲ್ಲಿ ನನ್ನನ್ನು ಮೊದಲು ಕೈಗೆತ್ತಿಕೊಂಡವನು ಗೋಕಾಕ ಕಡೆಯ ಯಮನಪ್ಪ. ನೀರಲ್ಲಿ ಅದ್ದಿ, ತಲೆಯ ಮೇಲೆಯೇ ಒಣಗಿಸಿ, ತನ್ನ ಅಳತೆಗೆ ತಂದುಕೊಂಡ. ಎಂಟು ವರ್ಷ ಅವನ ಬೆವರು ಕುಡಿದೆ.

ಒಮ್ಮೆ ಅವನು ರಜೆ ಮುಗಿಸಿ ಹಳೆಯ ಠಾಣೆಗೆ ದಿನಕ್ಕೆ ಸರಿಯಾಗಿ ಹೋದ. ನೋಡಿದರೆ ಪಲ್ಟನ್ನೇ ಬೇರೆ ಊರಿಗೆ ಹೋಗಿತ್ತು. ಸ್ಟೇಷನ್ನಿನ ಮಿಲಿಟರಿ ಕಚೇರಿಯವರು ಅವನು ಬಂದನೆಂದು ಒಂದು ಚೀಟಿ ಬರೆದು, ಆ ದಿನದ ಮೊಹರು ಒತ್ತಿ ರೈಲು ಹತ್ತಿಸಿದರು. ಹೊಸ ಠಾಣೆ ಮುಟ್ಟುವಷ್ಟರಲ್ಲಿ ಐದು ದಿನ ತಡ. ಮರುದಿನವೇ ಅವನ ಮೇಲೆ ಆರೋಪಪಟ್ಟಿ: ನಂಬರು, ಹೆಸರು, ತಕ್ಕ ಕಾರಣವಿಲ್ಲದೆ ರಜೆ ಮೀರಿದ್ದು. ಒಂದೇ ಹಾಳೆ.

"ಹೆಂಡ್ತಿ ಸೆರಗ ಬಿಡ್ಲಿಲ್ಲೇನೋ, ಯಮನ್ಯಾ?" ಎಂದರು ಹವಾಲ್ದಾರ್ ದುಂಡಪ್ಪ.

"ಇಲ್ರೀ ಉಸ್ತಾದ, ಚೀಟಿ ಐತ್ರಿ ನನ್ನ ಹಂತ್ಯಾಕ. ನೋಡ್ರಿಲ್ಲೆ."

"ನನಗ್ಯಾಕ ತೋರಸ್ತಿ? ಸಾಹೇಬ್ರ ಮುಂದ ಹೇಳು. ಪುಸ್ತಕದಾಗ ಶಿಕ್ಷಾ ಅಂತ ಕೆಂಪು ಶಾಯಿ ಬಿತ್ತಂದ್ರ ನಾಯಕ್ ಪಟ್ಟಿ ಹೋತು ತಿಳಕೋ."

ಮುಂದಿನ ತಿಂಗಳು ಅವನ ತೋಳಿಗೆ ಏರಬೇಕಿದ್ದ ಪಟ್ಟಿ ಅದು. ಚೀಟಿ ಕಳೆಯಬಾರದೆಂದು ಯಮನಪ್ಪ ಅದನ್ನು ನನ್ನ ಒಳಮಡಿಕೆಗೆ ಸಿಕ್ಕಿಸಿದ. ಅವನು ಎಂದೂ ಪೇಶಿಗೆ, ಸಾಹೇಬರ ಮುಂದಿನ ವಿಚಾರಣೆಗೆ, ನಿಂತವನಲ್ಲ. ಆರೋಪಿಯ ಟೋಪಿ, ಬೆಲ್ಟು ಬಾಗಿಲಲ್ಲೇ ತೆಗೆಸುತ್ತಾರೆಂದು ಅವನಿಗೇನು ಗೊತ್ತು?

ತಲೆ ಒಳಗೆ ಹೋಯಿತು, ನಾನು ಹೊರಗೆ ಸ್ಟೂಲಿನ ಮೇಲೆ. ನನಗೆ ದಿಕ್ಕೇ ತೋಚಲಿಲ್ಲ. ತಪ್ಪು ಮಾಡಿದ್ದು ನಾನೋ ಏನೋ? ಕಮಾಂಡಿಂಗ್ ಸಾಹೇಬರು ಆರೋಪ ಓದಿದ್ದು ಕೇಳಿಸಿತು. ಹಾಜರಿ ಗುಮಾಸ್ತ ಸಾಕ್ಷಿ ನುಡಿದ. ಸಾಹೇಬರು ಮನಸ್ಸು ಮಾಡಿದರೆ ಅಲ್ಲೇ ಆರೋಪ ವಜಾ, ಇಲ್ಲವೇ ಅಲ್ಲೇ ಶಿಕ್ಷೆ, ಅದೂ ಅಲ್ಲದಿದ್ದರೆ ಹೇಳಿಕೆ ಬರೆಸಿ ಕೋರ್ಟ್ ಮಾರ್ಷಲ್ ಎಂದು ಬಾಗಿಲ ಕಾವಲಿನವರು ಪಿಸುಗುಟ್ಟುತ್ತಿದ್ದರು. ಒಬ್ಬನ ತಪ್ಪಿಗೆ ಮೂರು ದಾರಿ ಹೇಗೆ? ನನಗೆ ತಿಳಿಯಲಿಲ್ಲ.

ಸಾಕ್ಷಿಗೆ ಏನಾದರೂ ಕೇಳುವುದಿದೆಯೇ ಎಂದು ಸಾಹೇಬರು ಯಮನಪ್ಪನನ್ನು ವಿಚಾರಿಸಿದರು.

"ಸಾಹೇಬ್ರ, ಚೀಟಿ ಟೋಪ್ಯಾಗೈತ್ರಿ!"

ಗಾಬರಿಯಲ್ಲಿ ಹಿಂದಿ ಮರೆತು ಯಮನಪ್ಪ ಕನ್ನಡದಲ್ಲೇ ಕೂಗಿಬಿಟ್ಟಿದ್ದ. ಒಳಗೇ ಇದ್ದ ದುಂಡಪ್ಪ ಸಾಹೇಬರಿಗೆ ಹಿಂದಿಯಲ್ಲಿ ತಿಳಿಸಿ ಹೇಳಿದರು. ಹೊರಬಂದು ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಒಳಗೊಯ್ದರು. ಸಾಹೇಬರು ಮೊಹರಿನ ತಾರೀಖು ನೋಡಿ ಆರೋಪ ವಜಾ ಮಾಡಿದರು.

"ಮಬ್ಬ! ಮೊದಲ ತೋರ್ಸಾಕ ಏನಾಗಿತ್ತು?" ಹೊರಗೆ ದುಂಡಪ್ಪ ಬೈದರು.

"ನಿಮಗ ತೋರ್ಸಾಕ ಬಂದಿದ್ನೆಲ್ರೀ, ಉಸ್ತಾದ."

ದುಂಡಪ್ಪ ನನ್ನನ್ನು ಅವನ ತಲೆಗಿಟ್ಟು ಅಂಚು ಸರಿಮಾಡಿದರು.

ಪಟ್ಟಿ ಏರಿತು. ಯಮನಪ್ಪ ಪಿಂಚಣಿ ಪಡೆದು ಊರಿಗೆ ಬಂದ. ನಾನೀಗ ಅವನ ಟ್ರಂಕಿನ ತಳದಲ್ಲಿದ್ದೇನೆ. ಒಂದು ಅಂಚನ್ನು ನುಸಿ ತಿಂದಿದೆ. ಇಷ್ಟು ಕಾಲವಾದರೂ ನನಗೊಂದು ಬಗೆಹರಿದಿಲ್ಲ. ಆ ಚೀಟಿ ದಾರಿಯಲ್ಲೆಲ್ಲೋ ಉದುರಿಹೋಗಿದ್ದರೂ, ಯಮನಪ್ಪ ದಿನಕ್ಕೆ ಸರಿಯಾಗಿ ಬಂದವನೇ ಅಲ್ಲವೇ?