ಒಂದು ಗೇಣು ದೂರ

ಬಾಬುಸಾಬ್ ಮೈಕಿನ ತಲೆಗೆ ಎರಡು ಸಲ ಬೆರಳಿನಿಂದ ತಟ್ಟಿದ. ಮಸ್ಕಿಯ ಈದ್ಗಾ ಮೈದಾನದ ತುಂಬ ಕುಂಯ್ ಎಂದು ಸದ್ದಾಯಿತು. ಅಪ್ಪ ಇಸ್ಮಾಯಿಲ್‌ಸಾಬನ ಜನಾಜಾಕ್ಕೆ, ಶವದ ಮುಂದಿನ ನಮಾಜಿಗೆ, ಅಪ್ಪನದೇ ಮೈಕ್‌ಸೆಟ್ಟು ಕಟ್ಟುವ ಪಾಳಿ ಮಗನಿಗೆ ಬಂದಿತ್ತು.

"ಸಾಬ್ರು ಇದ್ದಿದ್ರ ಮೊದಲ ಈ ಕುಂಯ್ ಅನ್ನೂದು ಬಿಡಿಸ್ತಿದ್ರು," ಎಂದ ದಢೇಸುಗೂರಿನ ಸೂಗಪ್ಪ.

ಬೇವಿನ ನೆರಳಲ್ಲಿ ಅವನ ಪಕ್ಕ ಗುರುಗುಂಟಾದ ಅಮರಗುಂಡಪ್ಪ ನಿಂತಿದ್ದ. ಹೇಳಬೇಕಾದ ಮಾತೊಂದನ್ನು ಅವನು ಮೂವತ್ತು ವರ್ಷದಿಂದ ಹೇಳದೇ ಉಳಿಸಿಕೊಂಡಿದ್ದ. ಕೇಳಬೇಕಾದ ಇಸ್ಮಾಯಿಲ್‌ಸಾಬ್ ಈಗ ಬಿಳಿ ಬಟ್ಟೆಯೊಳಗೆ ಮಲಗಿದ್ದ.

*

ಮೂವತ್ತು ವರ್ಷದ ಹಿಂದೆ ಸಿಂಧನೂರು, ಲಿಂಗಸುಗೂರು ಕಡೆಯ ಹೆಸರಾದ ಗಾಯಕರೆಲ್ಲ ಕೂಡಿ ತತ್ವಪದದ ಮೇಳ ಕಟ್ಟಿದ್ದರು; ಸೂಗಪ್ಪ, ಅಮರಗುಂಡಪ್ಪ ಇಬ್ಬರೂ ಅದರಲ್ಲಿದ್ದರು. ಒಂದು ಊರು ಸಾಲದಷ್ಟು ದೊಡ್ಡವರು, ಒಂದು ಕೋಣೆಯಲ್ಲಿ ಹಿಡಿಸದಷ್ಟು ಹಮ್ಮಿನವರು. ಮೊದಲ ಕ್ಯಾಸೆಟ್ಟು ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳಲ್ಲೆಲ್ಲ ಮೊಳಗಿತು. ಹೊಗಳಿಕೆ ಮಾತ್ರ ಸೂಗಪ್ಪನ ದನಿಗೇ ಹೆಚ್ಚು ಬಂತು. ಅಮರಗುಂಡಪ್ಪನ ಹೊಟ್ಟೆಗೆ ಕಿಚ್ಚು ಬಿತ್ತು.

ಎರಡನೆಯ ಕ್ಯಾಸೆಟ್ಟಿನ ರೆಕಾರ್ಡಿಂಗಿಗೂ ಇಸ್ಮಾಯಿಲ್‌ಸಾಬನೇ ತನ್ನ ಮನೆಯ ಕೋಣೆಯ ಗೋಡೆಗಳಿಗೆ ಕೌದಿ ಇಳಿಬಿಟ್ಟು ಸಜ್ಜು ಮಾಡಿದ. ಒಬ್ಬೊಬ್ಬರ ಬಾಯಿಂದ ಮೈಕಿಗೆ ಗೇಣು ಹಾಕಿ ಅಳೆದ. ಹೆಬ್ಬೆರಳು ತುಟಿಗೆ, ಕಿರುಬೆರಳು ಮೈಕಿಗೆ.

"ಇಷ್ಟು ದೂರ ಇರ್ಲಿ, ಗವಾಯಿಗಳ. ಮೈಕಿಗೂ ಉಸಿರಾಡಾಕ ಜಾಗ ಬೇಕು. ನಾ ನಮಾಜ್ ಮುಗಿಸಿ ಬರ್ತೀನಿ, ಮಶಿನ್ ಚಾಲೂ ಐತಿ, ನೀವು ಹಾಡ್ರಿ. ದನಿ ಏರಿಸೂ ಈ ಗುಂಡಿ ಮಾತ್ರ ಯಾರೂ ಮುಟ್ಟಬ್ಯಾಡ್ರಿ."

ಉಳಿದವರು ಕಣ್ಣು ಮುಚ್ಚಿ ಹಾಡುವಾಗ ಅಮರಗುಂಡಪ್ಪ ತನ್ನ ಮೈಕಿನ ಗುಂಡಿಯನ್ನು ಕೊನೆಮಟ್ಟ ತಿರುವಿದ; ಮೈಕನ್ನು ತುಟಿಗೆ ಎಳೆದುಕೊಂಡ. ಮಶಿನ್ನಿನ ಮುಳ್ಳು ಕೆಂಪು ಗೆರೆ ದಾಟಿ ಒದ್ದಾಡಿತು. ತಿರುಗಿ ಬಂದ ಇಸ್ಮಾಯಿಲ್‌ಸಾಬ್ ಗುಂಡಿ ನೋಡಿದ, ಅಮರಗುಂಡಪ್ಪನ ಮುಖ ನೋಡಿದ.

"ಇನ್ನೊಮ್ಮೆ ಹಾಡೂಣ್ರಿ."

"ಗಂಟಲ ಬಿದ್ದೈತಿ, ಸಾಬ್ರ. ಬಸ್ಸಿನ ಹೊತ್ತೂ ಆತು," ಎಂದು ಅಮರಗುಂಡಪ್ಪ ಎದ್ದುಬಿಟ್ಟ.

ಕ್ಯಾಸೆಟ್ಟಿನಲ್ಲಿ ಹಾಡಿಗಿಂತ ಬರಬರ ಸದ್ದೇ ಹೆಚ್ಚು. ಸೂಗಪ್ಪನ ದನಿ ಬಾವಿಯೊಳಗಿಂದ ಬಂದಂತಿತ್ತು. ಮೈಕಿನವ ಕೆಡಿಸಿದ ಎಂದು ಊರೂರೇ ಆಡಿಕೊಂಡಿತು. ಇಸ್ಮಾಯಿಲ್‌ಸಾಬ್ ಅಲ್ಲ ಎನ್ನಲಿಲ್ಲ. ಆಮೇಲೆ ಹಾಡನ್ನು ಕ್ಯಾಸೆಟ್ಟಿಗೆ ಹಿಡಿಯಲು ಅವನನ್ನು ಯಾರೂ ಕರೆಯಲಿಲ್ಲ. ಸೂಜಿ ಬಿದ್ದರೆ ಯಾವ ಮೂಲೆಯಲ್ಲಿ ಎಂದು ಹೇಳಬಲ್ಲ ಕಿವಿ ಅದು. ಅವನು ಆಟೋದಲ್ಲಿ ಕೂತು ಮೈಕಿನಲ್ಲಿ ಸೀರೆ ಅಂಗಡಿಯ ರಿಯಾಯ್ತಿ ಕೂಗುವುದರಲ್ಲೇ ಅದು ಸವೆದುಹೋಯಿತು.

*

ನಮಾಜಿಗೆ ಸಾಲುಗಳು ನಿಂತವು. ಬಾಬುಸಾಬ್ ಮೊದಲು ಉರ್ದುವಿನಲ್ಲಿ ಹೇಳಿ, ಬೇವಿನ ನೆರಳಿನವರಿಗಾಗಿ ಕನ್ನಡಕ್ಕೆ ತಿರುಗಿದ.

"ನಮ್ಮ ಅಬ್ಬಾನಿಂದ ಯಾರಿಗಾದ್ರೂ ತಪ್ಪಾಗಿದ್ರ, ಮನಸ್ಸು ನೊಂದಿದ್ರ, ದೇವರ ಸಲುವಾಗಿ ಮಾಫ್ ಮಾಡಿಬಿಡ್ರಿ."

"ಮಾಫ್, ಮಾಫ್," ಎಂದು ಸಾಲುಗಳು ಗುನುಗಿದವು.

ಸೂಗಪ್ಪ ಕೈಮುಗಿದ. "ಆ ಕ್ಯಾಸೆಟ್ ಕೆಡಿಸಿದ್ದೂ ಮಾಫ್ ಮಾಡೀನಿ, ತಮ್ಮಾ. ಮೇಳ ಒಡೀತು ಅಂತ ಭಾಳ ಬೈದಿದ್ದೆ. ಇವತ್ತು ಎಲ್ಲಾ ಬಿಟ್ಟೀನಿ." ಪಕ್ಕದವನನ್ನು ಮೊಣಕೈಯಿಂದ ತಿವಿದ. "ನೀನೂ ಹೇಳೋ, ಅಮರಗುಂಡಪ್ಪ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಅಮರಗುಂಡಪ್ಪನ ಕೈ ತಾನಾಗಿ ಹೆಗಲ ಟವೆಲಿಗೆ ಹೋಯಿತು. ಮಾಡದ ತಪ್ಪಿಗೆ ಮಾಫಿ ಹೊತ್ತು ಆ ಮನುಷ್ಯ ಮಣ್ಣಿಗೆ ಹೋಗಲಿದ್ದ.

"ನಾ ಮಾಫ್ ಮಾಡಂಗಿಲ್ಲ," ಎಂದ.

ಸಾಲುಗಳು ತಿರುಗಿದವು. ಬಾಬುಸಾಬನ ಮುಖ ಕಪ್ಪಿಟ್ಟಿತು. "ಯಾಕ್ರಿ ಕಾಕಾ? ಸತ್ತವರ ಮ್ಯಾಲೂ ಸಿಟ್ಟೇನ್ರಿ?"

"ನನಗ ಆ ಹಕ್ಕ ಇಲ್ಲೋ ಮಗನ. ಕೆಡಿಸಿದವ..." ಮುಂದಿನದು ಸೂಗಪ್ಪನಿಗೂ ಕೇಳಲಿಲ್ಲ.

"ಕೇಳಸವಲ್ದು! ಜೋರಾಗಿ ಹೇಳ್ರಿ," ಎಂದು ಯಾರೋ ಕೂಗಿದರು.

ಅಮರಗುಂಡಪ್ಪ ಚಪ್ಪಲಿ ಕಳಚಿ, ಸಾಲುಗಳ ಪಕ್ಕದಿಂದ ನಡೆದು ಮೈಕಿನ ಮುಂದೆ ನಿಂತ. ಜನ್ಮವಿಡೀ ಮೈಕು ಕಚ್ಚಿಯೇ ಹಾಡಿದವನು. ಈಗ ಹೆಬ್ಬೆರಳನ್ನು ತುಟಿಗಿಟ್ಟು, ಕಿರುಬೆರಳು ಮೈಕಿನ ತುದಿಗೆ ಬರುವವರೆಗೆ ಹಿಂದೆ ಸರಿದ.