ಕಾಯಿಸಿದ ಎಂಜಲು

ಇಂದಿರಾನಗರದ ಆ ಕಾಲೇಜಿಗೆ ಸೇರಿ ತಿಂಗಳುಗಳೇ ಕಳೆದಿದ್ದರೂ ಬೃಂದಾಳ ನೀರಿನ ಬಾಟಲಿಯನ್ನು ಇನ್ನೊಬ್ಬರು ಮುಟ್ಟಿರಲಿಲ್ಲ. ಮೊದಲ ವಾರ ಪಕ್ಕದವಳು ಬಾಯಾರಿಕೆ ಅಂದಾಗ ಇವಳು ಚಾಚಿದ್ದುಂಟು. ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಮರ್ಫಿ ಟೌನ್ ಅಂದಳು. ಮನೆಯಲ್ಲಿ ಯಾವ ದೇವರು ಎಂದದ್ದಕ್ಕೆ ಬುದ್ಧ, ಅಂಬೇಡ್ಕರ್ ಫೋಟೋ ಎರಡೇ ಇರೋದು ಅಂದಳು. ಅಷ್ಟಕ್ಕೇ ಆ ಮಹಾರಾಯಿತಿಯ ಬಾಯಾರಿಕೆ ಮಾಯ! ಅಂದಿನಿಂದ ಕೊನೆಯ ಬೆಂಚು, ಒಬ್ಬಳೇ ಊಟ. ಪಕ್ಕದವರಿಗೂ ಬೇಕಾದೀತೆಂದು ಬೇರೆಯವರೆಲ್ಲ ಬಾಟಲಿ ಎತ್ತಿ ಕುಡಿಯುತ್ತಿದ್ದರು. ಬೃಂದಾ ಕಚ್ಚಿಯೇ ಕುಡಿಯುತ್ತಿದ್ದಳು. ಅವಳದು ಯಾರಿಗೆ ಬೇಕಿತ್ತು?

ಅಂಥವಳ ಪಕ್ಕಕ್ಕೆ ಲ್ಯಾಬಿನಲ್ಲಿ ಬಂದು ನಿಂತವಳು ಮೆಹ್ವಿಶ್. ಶಿವಾಜಿನಗರದ ಹುಡುಗಿ, ಆ ವಾರವಷ್ಟೇ ಈ ಬ್ಯಾಚಿಗೆ ಬಂದವಳು. ಇವಳೂ ಬಿಟ್ಟು ಹೋದರೆ ಮೂರು ವರ್ಷವೂ ಹೀಗೇ ಕಳೆಯಬೇಕಲ್ಲಾ ಎಂದುಕೊಂಡು ಬೃಂದಾ ತನ್ನ ಬ್ಯಾಗನ್ನು ಅಂಚಿಗೆ ಸರಿಸಿ ಜಾಗ ಬಿಟ್ಟಳು.

ಆವತ್ತಿನ ಜೀವರಸಾಯನದ ಪ್ರಾಕ್ಟಿಕಲ್ಲೋ, ಎಂಜಲಿನದು. ಬರಬಾರದ ದಿನವೇ ಬರಬೇಕೆ!

"ಎಂಜಲಲ್ಲಿ ಅಮೈಲೇಸ್ ಅನ್ನೋ ಪ್ರೋಟೀನ್ ಇದೆ," ಎಂದರು ಶಾಂತಕುಮಾರಿ ಮೇಡಂ. "ಉದ್ದದ ಸರಪಳಿ ಮಡಚಿಕೊಂಡು ಒಂದು ಗುಳಿ ಮಾಡ್ಕೊಂಡಿರತ್ತೆ. ಗಂಜಿ ಆ ಗುಳೀಲಿ ಕೂತ್ರೆ ಕತ್ತರಿಸಿ ಹಾಕತ್ತೆ. ಗಂಜಿಗೆ ಅಯೋಡಿನ್ ಬಿದ್ರೆ ನೀಲಿ. ಗಂಜಿ ಮುಗಿದ್ಮೇಲೆ ನೀಲಿ ಇಲ್ಲ. ಜೋಡಿಗೆ ಒಬ್ಬರದ್ದೇ ಎಂಜಲು, ಇನ್ನೊಬ್ಬರು ಟ್ಯೂಬ್ ನೋಡ್ಕೊಳ್ಳಿ."

ತಾನೇ ಟ್ಯೂಬು ಹಿಡಿಯುವುದೆಂದು ಬೃಂದಾ ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ಅಷ್ಟರಲ್ಲಿ ಮೆಹ್ವಿಶ್, "ನಂಗೆ ರೋಜಾ ಕಣೇ, ಬಾಯೆಲ್ಲ ಒಣಗೋಗಿದೆ. ನೀನೇ ಕೊಡು," ಅಂದುಬಿಟ್ಟಳು. ಉಪವಾಸದವಳಿಗೆ ಇಲ್ಲ ಅನ್ನುವುದು ಹೇಗೆ?

ಬೃಂದಾ ಮೂಲೆಯ ಸಿಂಕಿಗೆ ಹೋಗಿ ಬಾಯಿ ಮುಕ್ಕಳಿಸಿ ಟ್ಯೂಬಿನಲ್ಲಿ ಉಗುಳಿದಳು. ನೋಡಿದರೆ ತನಗೇ ಅಸಹ್ಯವಾಯಿತು. ಇದನ್ನು ಅವಳು ಮುಟ್ಟಬೇಕಲ್ಲ! ಅಲ್ಲೇ ಪಕ್ಕದಲ್ಲಿ ಬೀಕರಿನ ನೀರು ಕುದಿಯುತ್ತಿತ್ತು.

ಅವಳಜ್ಜಿ ಆಂಜನಮ್ಮ ಇದೇ ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆದವಳು. ಆ ಮನೆಗಳಲ್ಲಿ ಅವಳ ಲೋಟ ಬಚ್ಚಲ ಕಿಟಕಿಯ ಮೇಲಿರುತ್ತಿತ್ತು. ತನ್ನ ಮನೆಗೆ ಯಾರೇ ಬಂದರೂ ಲೋಟಗಳ ಮೇಲೆ ಕುದಿಯುವ ನೀರು ಸುರಿದೇ ಟೀ ಕೊಡುತ್ತಿದ್ದಳು. "ನಾಳೆ ಯಾರೂ ಒಂದ್ ಮಾತು ಅನ್ಬಾರ್ದು ನೋಡು," ಅನ್ನುವಳು. ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಚಿ ಅದು ಕೆಲಸಕ್ಕೆ ಬಾರದಾಗುತ್ತದೆ ಎಂದು ಬೃಂದಾ ಪರೀಕ್ಷೆಯಲ್ಲಿ ಬರೆದಿದ್ದಳು, ಅಂಕವನ್ನೂ ತೆಗೆದಿದ್ದಳು. ಆದರೆ ಕೈಗೆ ಅಜ್ಜಿಯ ಪಾಠವೇ ಮೊದಲು ನೆನಪಾಯಿತು. ಟ್ಯೂಬನ್ನು ಕುದಿನೀರಿನಲ್ಲಿ ಚೆನ್ನಾಗಿ ಕಾಯಿಸಿ, ಗೊತ್ತಾಗಬಾರದೆಂದು ನಲ್ಲಿಯ ಕೆಳಗೆ ತಣಿಸಿ ತಂದುಕೊಟ್ಟಳು. ಮೆಹ್ವಿಶ್ ಅದನ್ನು ಗಂಜಿಗೆ ಬೆರೆಸಿ, ಬಿಳಿ ತಟ್ಟೆಯ ಗುಳಿಗಳಲ್ಲಿದ್ದ ಅಯೋಡಿನ್ನಿಗೆ ಹನಿ ಹನಿಯಾಗಿ ಹಾಕಿದಳು.

ಎಲ್ಲರ ತಟ್ಟೆಯಲ್ಲೂ ನೀಲಿ ಕರಗಿ ಟೀ ಬಣ್ಣ ಬಂತು. ಇವರದು ಮಾತ್ರ ಶಾಯಿ ಚೆಲ್ಲಿದ ಹಾಗೆ ಹಟ ಹಿಡಿದು ಕೂತಿತ್ತು.

"ಏನ್ರೀ ಇದು? ಎಂಜಲು ಹಾಕಿದ್ದೀರೋ, ಬರೀ ನೀರೋ?" ಎಂದು ಮೇಡಂ ರೇಗಿದರು. "ಮತ್ತೆ ಮಾಡಿ. ಆಗೋವರ್ಗೂ ಹೋಗೋ ಹಾಗಿಲ್ಲ."

ಉಳಿದವರೆಲ್ಲ ಬ್ಯಾಗು ಹೆಗಲಿಗೇರಿಸಿ ಹೊರಟರು. ಒಬ್ಬಳು ಬಾಗಿಲಲ್ಲಿ ತಿರುಗಿ ನೋಡಿ ಕಿಸಕ್ಕೆಂದಳು. ಬೃಂದಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಕಾಯಿಸ್ಬಿಟ್ಟೆ," ಎಂದಳು ತಲೆ ತಗ್ಗಿಸಿ.

"ಅರೆ! ಯಾಕೆ?"

"ನೀನು ಮುಟ್ಬೇಕಲ್ಲ, ಅದಕ್ಕೆ."

ಮೆಹ್ವಿಶ್ ಅವಳ ಮುಖವನ್ನೇ ನೋಡಿದಳು. ಆಮೇಲೆ ಹೊಸ ಟ್ಯೂಬೊಂದನ್ನು ತೆಗೆದುಕೊಟ್ಟು, "ಹೋಗು, ಇನ್ನೊಂದ್ಸಲ ಉಗಿ. ಕಾಯಿಸಿದ್ರೆ ನೋಡು ಮತ್ತೆ!" ಅಂದಳು.

ಈ ಸಲ ಕೆಲಸ ಕೆಡಲಿಲ್ಲ. ತಟ್ಟೆಯ ನೀಲಿ ಮೊದಲು ತೆಳುವಾಯಿತು, ಆಮೇಲೆ ಕಂದಾಯಿತು, ಕೊನೆಗೆ ಅಯೋಡಿನ್ನಿನ ಹಳದಿಯಷ್ಟೇ ಉಳಿಯಿತು.

ಹೊರಗೆ ಬರುವಾಗ ಬಿಸಿಲು ಇಳಿದಿತ್ತು. ನನ್ನಿಂದ ಇವಳಿಗೂ ತಡವಾಯಿತು, ನಾಳೆ ಬೇರೆ ಬೆಂಚು ಹುಡುಕಿಕೊಳ್ಳುತ್ತಾಳೆ ಬಿಡು ಎಂದುಕೊಳ್ಳುತ್ತ ಬೃಂದಾ ಒಂದು ಹೆಜ್ಜೆ ಹಿಂದೆಯೇ ನಡೆದಳು. ಬಸ್‌ಸ್ಟಾಪಿನಲ್ಲಿ ಮೆಹ್ವಿಶ್ ಕೈಚಾಚಿದಳು.

"ಬಾಟ್ಲಿ ಕೊಡು. ಈ ಟ್ರಾಫಿಕ್ಕಲ್ಲಿ ಬಸ್ಸಲ್ಲೇ ಹೊತ್ತು ಮುಳುಗಿ ಮಗ್ರಿಬ್ ಆಜಾನ್ ಆಗತ್ತೆ. ರೋಜಾ ಬಿಡಕ್ಕೆ ನೀರಿಲ್ಲ ನನ್ನತ್ರ."

ಬೃಂದಾ ಬ್ಯಾಗನ್ನು ಎದೆಗೆ ಒತ್ತಿಕೊಂಡಳು. "ಬೇಡ ಕಣೇ. ಅದು... ನಾನು ಕಚ್ಚಿ ಕುಡಿದಿರೋದು."

"ಗೊತ್ತು, ನೋಡಿದೀನಿ. ಕೊಡೇ, ಬಸ್ ಬಂತು!"

ತಾನೇ ಬ್ಯಾಗಿನಿಂದ ಬಾಟಲಿ ಎಳೆದುಕೊಂಡು ಮೆಹ್ವಿಶ್ ಬಸ್ಸು ಹತ್ತಿದಳು. ಬೃಂದಾ ಮನೆಗೆಂದು ಹಲಸೂರಿನ ಕಡೆಗೆ ಒಬ್ಬಳೇ ನಡೆದಳು. ಅರ್ಧ ದಾರಿಗೆ ಅವಳ ಬಾಯಿ ಒಣಗಿತು. ಅಂಗಡಿಗಳಿದ್ದವು, ನೀರೂ ಇತ್ತು. ಮಸೀದಿಯ ಆಜಾನ್ ಕೇಳುವವರೆಗೂ ಅವಳು ಕುಡಿಯಲಿಲ್ಲ.