ಈಜು ಹೊಡೆಸುವ ಮೇಷ್ಟ್ರು

ಕನ್ನಡದಲ್ಲಿ ನಾವು ಹೊಡೆಯದೆ ಬಿಟ್ಟಿರುವುದು ಏನಿದೆ ಹೇಳಿ. ಲಾಗ ಹೊಡೆಯುತ್ತೇವೆ, ಬಸ್ಕಿ ಹೊಡೆಯುತ್ತೇವೆ, ಊರೆಲ್ಲ ಒಂದು ಸುತ್ತು ಹೊಡೆದು ಬಂದು ಕಟ್ಟೆಯ ಮೇಲೆ ಹರಟೆ ಹೊಡೆಯುತ್ತೇವೆ, ಅದೂ ಸಾಕಾದರೆ ಗೊರಕೆ ಹೊಡೆಯುತ್ತೇವೆ. ಇಷ್ಟೆಲ್ಲ ಹೊಡೆದರೂ ಯಾರ ಮೈಮೇಲೂ ಒಂದು ಬಾಸುಂಡೆ ಏಳುವುದಿಲ್ಲ. ಮಧುಗಿರಿಯ ಖಾಸಗಿ ಶಾಲೆಯೊಂದರ ಪಿ.ಟಿ. ಮೇಷ್ಟ್ರು ಕದರಪ್ಪನೂ ಈ ಜಾತಿಯ ಹೊಡೆತದವನೇ. ಹನ್ನೊಂದು ವರ್ಷದಲ್ಲಿ ಒಂದು ಮಗುವಿನ ಕಿವಿಯನ್ನೂ ಹಿಂಡದವನು, ಮಕ್ಕಳಿಗೆ ಹೊಡೆಯುತ್ತೇನೆ ಎಂದು ಕೈಯಾರೆ ಬರೆದುಕೊಟ್ಟು ಕೂತ.

ಅವನ ಊರು ಪಾವಗಡದ ಕಡೆಯ ಬಲಸಮುದ್ರ. ಆ ಸೀಮೆಯ ಬಾಯಲ್ಲಿ ಕನ್ನಡ ಎಷ್ಟೋ ತೆಲುಗೂ ಅಷ್ಟೇ, ಇಂಗ್ಲಿಷ್ ಮಾತ್ರ ಕಬ್ಬಿಣದ ಕಡಲೆ. ಪಿ.ಟಿ. ಮೇಷ್ಟ್ರಿಗೆ ಸೀಟಿ ಇದ್ದರೆ ಸಾಕು, ಇಂಗ್ಲಿಷ್ ಯಾಕೆ ಎಂದು ಅವನೂ ಸುಮ್ಮನಿದ್ದ, ಶಾಲೆಯೂ ಸುಮ್ಮನಿತ್ತು.

ಮೂರು ವರ್ಷದ ಹಿಂದೆ ಐದನೇ ಕ್ಲಾಸಿನ ಅನುಷಾ ಎಂಬ ಹುಡುಗಿ ಮನೆ ಮುಂದಿನ ಕೃಷಿ ಹೊಂಡಕ್ಕೆ ಬಿದ್ದು ಸತ್ತಳು. ನೀರು ಇಂಗದಿರಲೆಂದು ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಪಾಚಿ ಕಟ್ಟಿದರೆ ಅದು ಬೆಣ್ಣೆಯ ಹಾಗೆ ಜಾರುತ್ತದೆ, ಬಿದ್ದವರಿಗೆ ಹಿಡಿದು ಹತ್ತಲು ಒಂದು ಹುಲ್ಲುಕಡ್ಡಿಯೂ ಸಿಗುವುದಿಲ್ಲ. ಮಣ್ಣು ಮಾಡಿ ಬಂದ ದಿನ ಕದರಪ್ಪ ಅನ್ನ ಮುಟ್ಟಲಿಲ್ಲ. ಆ ಹುಡುಗಿಗೆ ಖೋಖೋ ಕಲಿಸಿದೆ, ಕಬಡ್ಡಿ ಕಲಿಸಿದೆ, ಜೀವ ಉಳಿಸುವಂಥದ್ದು ಒಂದನ್ನೂ ಕಲಿಸಲಿಲ್ಲವಲ್ಲ ಎಂಬ ಸಂಕಟ ಅವನನ್ನು ಹಿಡಿದುಕೊಂಡುಬಿಟ್ಟಿತು.

ಮುಂದಿನ ಬೇಸಿಗೆಯಿಂದ ಅವನು ಭಾನುವಾರವನ್ನು ತನ್ನದೆಂದು ಇಟ್ಟುಕೊಳ್ಳಲಿಲ್ಲ. ಊರಾಚೆ ಪರಿಚಯದವರ ಹೊಲದಲ್ಲಿ ಮೆಟ್ಟಿಲಿರುವ ಒಂದು ಬಾವಿ. ಅಪ್ಪ ಅಮ್ಮಂದಿರನ್ನು ದಡದ ಮೇಲೆ ಕೂರಿಸಿ ಮಕ್ಕಳಿಗೆ ಈಜು ಹೊಡೆಸತೊಡಗಿದ. ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟುವುದು, ಹೊಟ್ಟೆಯ ಕೆಳಗೆ ಅಂಗೈ ಕೊಡುವುದು, "ಒಕಟಿ, ರೆಂಡು, ಮೂಡು" ಎಂದು ಎಣಿಸುತ್ತ ಕಾಲು ಬಡಿಸುವುದು. ಕ್ಯಾನು ಬಿಚ್ಚಿ ಮೂರು ಸುತ್ತು ಹೊಡೆದವರು ಪಾಸು. ಅರವತ್ತು ಮಕ್ಕಳಾದರೂ ಪಾಸಾಗಿದ್ದರು. ಸತ್ತ ಅನುಷಾಳ ತಂಗಿ ಸಹನಾ, ಎರಡು ವರ್ಷ ದಡದ ಮೇಲೆ ಕೂತು ಅತ್ತವಳು, ಈ ವರ್ಷ ಧೈರ್ಯ ಮಾಡಿ ನೀರಿಗೆ ಇಳಿದಿದ್ದಳು. ಬರುವ ಭಾನುವಾರ ಅವಳ ಕ್ಯಾನು ಬಿಚ್ಚುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ಶಾಲೆ ಬೇರೆ ಊರಿನ ಒಂದು ಟ್ರಸ್ಟಿನ ಕೈಗೆ ಹೋಯಿತು. ಹೊಸಬರು ಬಂದವರೇ ಎಲ್ಲ ಮೇಷ್ಟ್ರುಗಳ ಮೊಬೈಲಿಗೂ ಒಂದು ಫಾರಂ ಕಳಿಸಿದರು. ತಾವು ಮಾಡಿಸುವ ಕೆಲಸವನ್ನು ತಾವೇ ಇಂಗ್ಲಿಷಿನಲ್ಲಿ, ಪೂರ್ಣ ವಾಕ್ಯಗಳಲ್ಲಿ ಬರೆಯಬೇಕು. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ಅದರ ಮೇಲೆ. ಕದರಪ್ಪ ಅಂದೇ ಹೋಗಿ ಇಂಗ್ಲಿಷ್ ಟೀಚರ್ ಅಶ್ವಿನಿಯನ್ನು ಸ್ಟಾಫ್ ರೂಮಿನಲ್ಲಿ ಹಿಡಿದ.

"ಆಡಾದು ಅಂದ್ರೆ ಪ್ಲೇ ತಾನೇ ಮೇಡಂ? ಕಬಡ್ಡಿ, ಯೋಗ, ಈಜು ಎಲ್ಲಕ್ಕೂ ಪ್ಲೇ ಅಂತ ಬರ್ದ್ಬುಡ್ಲಾ?"

"ಅಯ್ಯೋ, ಅಂಗೆಲ್ಲ ಬರೀಬೇಡಿ ಸರ್," ಅಂದಳು ಅಶ್ವಿನಿ. "ಎದುರಾಳಿ ಇರೋ ಆಟಕ್ಕೆ ಪ್ಲೇ. ಯೋಗ, ಕರಾಟೆಗೆ ಡೂ. ಇಂಗ್ ಅಂತ ಮುಗಿಯೋದಕ್ಕೆ ಗೋ. ಗೋ ರನ್ನಿಂಗ್, ಗೋ ಸ್ವಿಮ್ಮಿಂಗ್. ಗೋ ಅಂತ ಒಂದನ್ನೇ ಬರೆದು ನಿಲ್ಲಿಸ್ಬೇಡಿ, ಅದರ ಹಿಂದೆ ಇನ್ನೊಂದು ಪದ ಬರ್ಬೇಕು."

ನಾಲ್ಕು ದಿನ ಅವನು ಮೈದಾನ ಸುತ್ತುತ್ತ ಇದನ್ನೇ ಉರು ಹೊಡೆದ. ಪ್ಲೇ ಕಬಡ್ಡಿ, ಡೂ ಯೋಗ, ಗೋ ರನ್ನಿಂಗ್. ಮಕ್ಕಳು ಹಿಂದಿನಿಂದ ಅಣಕಿಸಿದರೂ ಬಿಡಲಿಲ್ಲ. ನಲವತ್ತು ದಾಟಿದ ಮೇಲೆ ಪಾಠ ಒಪ್ಪಿಸುವ ಗತಿ ಶತ್ರುವಿಗೂ ಬೇಡ.

ಫಾರಂ ತುಂಬಲು ಬುಧವಾರ ಕೊನೆಯ ದಿನ. ಅಂದು ಅಶ್ವಿನಿ ಹರಕೆ ತೀರಿಸಲು ಮನೆಯವರ ಜೊತೆ ಗೊರವನಹಳ್ಳಿಗೆ ಹೋಗಿದ್ದಳು, ಫೋನು ಎತ್ತಲಿಲ್ಲ. ಕಬಡ್ಡಿಯ ಸಾಲು ಬಂತು, ಯೋಗದ ಸಾಲು ಬಂತು. ಈಜಿನ ಹತ್ತಿರ ಕದರಪ್ಪನ ಬೆರಳು ನಿಂತಿತು. ಗೋ ಎಂದರೆ ಹೋಗು. ನೀರಿನ ತನಕ ಎಮ್ಮೆಯೂ ಹೋಗುತ್ತದೆ, ಅದರಲ್ಲಿ ಮೇಷ್ಟ್ರ ಕೆಲಸ ಏನು ಬಂತು? ತಾನು ಹೋಗುವವನಲ್ಲ, ಹೊಡೆಸುವವನು. ಮೂರು ವರ್ಷದ ಭಾನುವಾರಗಳನ್ನು ಹೋಗು ಎಂಬ ಒಂದು ಒಣ ಮಾತಿಗೆ ಕಟ್ಟಿಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಲೈಬ್ರರಿಯ ನಿಘಂಟು ತೆಗೆದ. ಹೊಡೆ ಎಂಬುದರ ಎದುರಿಗೆ ಬೀಟ್ ಎಂದಿತ್ತು.

ಅವನು ಬರೆದ. "ಎವೆರಿ ಸಂಡೇ ಐ ಬೀಟ್ ಚಿಲ್ಡ್ರನ್ ಇನ್ ವೆಲ್. ಫಸ್ಟ್ ಐ ಟೈ. ದೆನ್ ಐ ಬೀಟ್. ಗರ್ಲ್ಸ್ ಆಲ್ಸೋ."

ಮೊದಲು ಕಟ್ಟುತ್ತೇನೆ, ಆಮೇಲೆ ಹೊಡೆಯುತ್ತೇನೆ, ಹೆಣ್ಣುಮಕ್ಕಳಿಗೂ! ಹೆಣ್ಣುಮಕ್ಕಳನ್ನೂ ಬಿಟ್ಟಿಲ್ಲ ಎಂಬ ಹೆಮ್ಮೆಯಿಂದಲೇ ಪಾಪ, ಅದನ್ನು ಕೊನೆಯಲ್ಲಿ ಸೇರಿಸಿದ್ದ. ಕಳಿಸುವ ಗುಂಡಿ ಒತ್ತಿದ. ಒತ್ತಿದ ಮೇಲೆ ತಿದ್ದುವ ಹಾಗಿರಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಅವನನ್ನು ಆಫೀಸಿಗೆ ಕರೆದರು. ಮೇಜಿನ ಹಿಂದೆ ಟ್ರಸ್ಟಿನ ಡೈರೆಕ್ಟರ್ ಮೇಡಂ, ಕನ್ನಡ ಬಾರದವರು. ಪಕ್ಕದಲ್ಲಿ ಊರಿನ ವ್ಯಾಪಾರಸ್ಥರೂ ಶಾಲಾ ಕಮಿಟಿಯವರೂ ಆದ ನಂದೀಶ್ವರಯ್ಯ. ಮಾತು ತಿಳಿಸಿಕೊಡಲು ಅಶ್ವಿನಿ. ಮೇಡಂ ಫಾರಂ ಗಟ್ಟಿಯಾಗಿ ಓದಿದರು. ಅಶ್ವಿನಿಯ ಮುಖ ಬಿಳಿಚಿಕೊಂಡಿತು. ನಂದೀಶ್ವರಯ್ಯನವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಪ್ಪಾ ಕದರಪ್ಪ, ಈಜು ಹೊಡೆಸ್ತೀನಿ ಅನ್ನೋಕೋಗಿ ಹಿಂಗ್ ಬರ್ದ್ಬುಟ್ಟಿದ್ದೀಯ!"

ಅಶ್ವಿನಿ ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಹೊಡೆ ಎಂದರೆ ಏನು, ಕ್ಯಾನು ಎಂದರೆ ಏನು, ಅನುಷಾ ಯಾರು. ಮೇಡಂ ಅವರ ಮುಖ ಸಡಿಲವಾಯಿತು, ಸಣ್ಣಗೆ ನಕ್ಕರು ಕೂಡ. ಕದರಪ್ಪನಿಗೆ ಹೋದ ಜೀವ ಬಂದಂತಾಯಿತು. ತನ್ನನ್ನು ನಂಬಿದರು, ಇನ್ನೇನು ಎಂದುಕೊಂಡ.

ಆಮೇಲೆ ಮೇಡಂ ನಗು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಅಶ್ವಿನಿ ಅದನ್ನು ನೆಲ ನೋಡುತ್ತ ಕನ್ನಡಕ್ಕೆ ತಂದಳು. "ಹಾಗಾದ್ರೆ ಮಕ್ಕಳನ್ನ ತೆರೆದ ಬಾವಿಗೆ ಇಳಿಸ್ತಿದ್ದಿದ್ದು ನಿಜಾನಾ ಅಂತಿದಾರೆ ಸರ್. ಶಾಲೆ ಪರ್ಮಿಶನ್ ಇತ್ತಾ ಅಂತ."

"ಅಪ್ಪ ಅಮ್ಮಂದ್ರೇ ದಡದಾಗೆ ಕುಂತಿರ್ತಾರೆ ಮೇಡಂ. ಸಾಹೇಬ್ರ ಮೊಮ್ಮಗನೂ ಅಲ್ಲೇ ಕಲ್ತಿದ್ದು. ಹೇಳಿ ಸಾ, ನೀವೇ ಹೇಳಿ," ಎಂದು ಕದರಪ್ಪ ನಂದೀಶ್ವರಯ್ಯನವರ ಕಡೆ ತಿರುಗಿದ.

ನಂದೀಶ್ವರಯ್ಯನವರು ಕಿಟಕಿಯಾಚೆ ಬೆಟ್ಟ ನೋಡತೊಡಗಿದರು. ಹುಟ್ಟಿದಾಗಿನಿಂದ ಕಂಡ ಬೆಟ್ಟವನ್ನು ಅವರು ಅಂದು ಮೊದಲ ಸಲ ಕಂಡವರ ಹಾಗೆ ನೋಡಿದರು.

ಹೊಡೆದದ್ದು ಸುಳ್ಳೆಂದು ಎಲ್ಲರಿಗೂ ಗೊತ್ತಾಯಿತು. ಬಾವಿ ಮಾತ್ರ ನಿಜವಾಗಿ ಉಳಿಯಿತು. ನಾಳೆ ಒಂದು ಮಗುವಿಗೆ ಏನಾದರೂ ಆದರೆ ಟ್ರಸ್ಟಿನ ಹೆಸರು ಏನಾಗಬೇಕು ಎಂದರು ಮೇಡಂ. ಸೋಮವಾರದಿಂದ ಅವನು ಬರಬೇಕಾಗಿಲ್ಲ. ಇನ್ನು ಯಾವ ಮಗುವನ್ನೂ ನೀರಿಗೆ ಇಳಿಸುವುದಿಲ್ಲ ಎಂದು ಸಹಿ ಹಾಕಬೇಕು. ಮತ್ತೆ ಆ ಬಾವಿಯ ಕಡೆ ಮಕ್ಕಳ ಜೊತೆ ಕಂಡರೆ, ಅವನೇ ಬರೆದುಕೊಟ್ಟ ಫಾರಂ ಹಾಗೆಯೇ ಪೊಲೀಸರ ಕೈಗೆ ಹೋಗುತ್ತದೆ. ಅಲ್ಲಿ ಹೊಡೆ ಎಂಬುದರ ಅರ್ಥ ಬಿಡಿಸಲು ಅಶ್ವಿನಿ ಇರುವುದಿಲ್ಲ. ಕದರಪ್ಪ ಸಹಿ ಹಾಕಿದ.

"ಯೂ ಮೇ ಗೋ," ಅಂದರು ಮೇಡಂ.

ಅವನು ನಿಂತೇ ಇದ್ದ. ಗೋ ಆದ ಮೇಲೆ ಇನ್ನೊಂದು ಪದ ಬರಬೇಕಲ್ಲ, ಅದಕ್ಕೆ ಕಾದ. ಮೇಡಂ ಬೇರೆ ಕಾಗದ ಕೈಗೆತ್ತಿಕೊಂಡರು. ಅಶ್ವಿನಿಯ ಕಡೆ ನೋಡಿದ, ಅವಳು ತಲೆ ಎತ್ತಲಿಲ್ಲ. ಕೊನೆಗೆ ಜವಾನ ಬಂದು ಬಾಗಿಲು ತೆಗೆದು ಹಿಡಿದಾಗ ಅವನಿಗೆ ಅರ್ಥವಾಯಿತು.

ಗೇಟಿನ ಹತ್ತಿರ ಸಹನಾ ಕಾಯುತ್ತಿದ್ದಳು. ಎಣ್ಣೆ ಕ್ಯಾನನ್ನು ಹಗ್ಗದ ಸಮೇತ ಹೆಗಲಿಗೆ ಹಾಕಿಕೊಂಡಿದ್ದಳು.

"ಸಾ, ಇದನ್ನ ನಿಮ್ಗೇ ಕೊಟ್ಬುಡು ಅಂದ್ಲು ನಮ್ಮಮ್ಮ. ನಾಳೆಯಿಂದ ನಂಗೆ ಬ್ಯಾಡ್ವಲ್ಲ."

ಕದರಪ್ಪ ಕ್ಯಾನನ್ನು ಅವಳ ಹೆಗಲಿಗೇ ಸರಿಸಿದ. "ನಾಳೆ ಇಲ್ಲ ಕಣಮ್ಮ. ಇಟ್ಕೊಂಡಿರು ಅದನ್ನ."

"ಆಚೆ ಭಾನುವಾರ?"

"ಆಗ್ಲೂ ಇಲ್ಲ. ಸ್ಕೂಲ್ನೋರು ಬ್ಯಾಡ ಅಂದವ್ರೆ. ನೀನು ಮನೆಗೋಗು."

ಹುಡುಗಿ ಕದಲಲಿಲ್ಲ, ಕ್ಯಾನಿನ ಹಗ್ಗವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವನ ಮುಖವನ್ನೇ ನೋಡಿದಳು. ಇನ್ನೇನಾದರೂ ಹೇಳಬೇಕಿತ್ತು. ಹನ್ನೊಂದು ವರ್ಷದ ಮೇಷ್ಟ್ರಿಗೆ ಆಗ ಹೊಳೆದದ್ದು ಇಷ್ಟೇ.

"ಹೊಂಡದ ತಾವ ಮಾತ್ರ ಹೋಗ್ಬ್ಯಾಡ ಕಣಮ್ಮ. ಕೇಳುಸ್ತಾ?"

"ಹೊಂಡ ನಮ್ಮನೆ ಮುಂದೇನೇ ಐತಲ್ಲ ಸಾ," ಅಂದಳು ಸಹನಾ.